ಮೆಟಬಾಲಿಸಂ ಚುರುಕಾಗಬೇಕಾ? ಲೋಟಕ್ಕಿಂತ ಮೊದಲು ತಟ್ಟೆ ನೋಡಿ

"ಮೆಟಬಾಲಿಸಂ ಜಾಸ್ತಿ ಆಗೋಕೆ ಬೆಳಿಗ್ಗೆ ಎದ್ದು ಏನು ಕುಡಿಯಬೇಕು?" ಓದುಗರಿಂದ ನನಗೆ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಕೇಳುವವರಲ್ಲಿ ಹೆಚ್ಚಿನವರು ಆಗಲೇ ಏನಾದರೊಂದು ಕುಡಿಯುತ್ತಿರುತ್ತಾರೆ. ಜೀರಿಗೆ ನೀರು, ಜೇನು-ನಿಂಬೆ ನೀರು, ಗ್ರೀನ್ ಟೀ, ಇತ್ತೀಚೆಗೆ ಆ್ಯಪಲ್ ಸೈಡರ್ ವಿನೆಗರ್. ತಿಂಗಳುಗಟ್ಟಲೆ ಕುಡಿದರೂ ತೂಕ ಇಳಿದಿರುವುದಿಲ್ಲ, ಸುಸ್ತೂ ಹೋಗಿರುವುದಿಲ್ಲ. ನನ್ನ ದೇಹದಲ್ಲೇ ಏನೋ ಕೊರತೆ ಇದೆ ಅಂತ ಬೇಸರ ಮಾಡಿಕೊಂಡು ಬರೆಯುತ್ತಾರೆ. ಅವರಿಗೆಲ್ಲ ಒಂದೇ ಕಡೆ ಬಿಡಿಸಿ ಹೇಳೋಣ ಎಂದು ಇದನ್ನು ಬರೆಯುತ್ತಿದ್ದೇನೆ.

ಮೆಟಬಾಲಿಸಂ ಅಂದರೆ ಏನು ಅನ್ನುವುದು ಮೊದಲು ಗೊತ್ತಿರಲಿ. ಕನ್ನಡದಲ್ಲಿ ಇದಕ್ಕೆ ಚಯಾಪಚಯ ಎನ್ನುತ್ತಾರೆ. ತಿಂದದ್ದನ್ನು ಶಕ್ತಿ ಮಾಡಿಕೊಂಡು ದೇಹ ಅದನ್ನು ಖರ್ಚು ಮಾಡುವ ಇಡೀ ಕೆಲಸ ಅದು. ಮನೆ ಖರ್ಚಿನ ಹಾಗೆ ಇದಕ್ಕೂ ಬಾಬ್ತುಗಳಿವೆ. ಉಸಿರಾಟ, ಹೃದಯ, ಮಿದುಳು, ಲಿವರ್, ಮೈಬಿಸಿ ಇವುಗಳಿಗೆ ನೀವು ಸುಮ್ನೆ ಮಲಗಿದ್ದರೂ ಖರ್ಚಾಗುತ್ತದೆ. ದಿನದ ಒಟ್ಟು ಖರ್ಚಿನಲ್ಲಿ ಸುಮಾರು ಶೇ 60ರಿಂದ 70 ಇದೇ. ತಿಂದದ್ದನ್ನು ಅರಗಿಸಲು ಶೇ 10ರಷ್ಟು ಬೇಕು. ಮಿಕ್ಕಿದ್ದು ಓಡಾಟಕ್ಕೆ, ಕೆಲಸಕ್ಕೆ.

"ನಲವತ್ತಾಯ್ತಲ್ಲ, ಮೆಟಬಾಲಿಸಂ ಬಿದ್ದುಹೋಗಿದೆ" ಎಂಬ ಮಾತೂ ಆಗಾಗ ಬರುತ್ತದೆ. 2021ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ದೊಡ್ಡ ಅಧ್ಯಯನ ಪ್ರಕಟವಾಯಿತು. ಬೇರೆ ಬೇರೆ ದೇಶಗಳ 6,400ಕ್ಕೂ ಹೆಚ್ಚು ಜನರ ಲೆಕ್ಕ ಅದರಲ್ಲಿತ್ತು. ದೇಹದ ಗಾತ್ರ, ಮಾಂಸಖಂಡ ಇವನ್ನು ಗಣನೆಗೆ ತೆಗೆದುಕೊಂಡು ನೋಡಿದರೆ 20ರಿಂದ 60 ವರ್ಷದವರೆಗೆ ಈ ಖರ್ಚು ಹೆಚ್ಚುಕಮ್ಮಿ ಒಂದೇ ಸಮ ಇರುತ್ತದೆ. ನಲವತ್ತರಲ್ಲಿ ಸಾಮಾನ್ಯವಾಗಿ ಬದಲಾಗಿರುವುದು ಊಟ, ಓಡಾಟ, ನಿದ್ದೆ ಮತ್ತು ಮಾಂಸಖಂಡ. ಇವನ್ನು ನಾವು ಸರಿ ಮಾಡಿಕೊಳ್ಳಬಹುದು, ಅಲ್ವಾ?

ಏನೇನು ಬೇಕು: ಒಂದು ನೋಟ್‌ಬುಕ್, ಒಂದು ಅಳತೆ ಟೇಪು, ಸಾಧ್ಯವಾದರೆ ಅಡುಗೆಮನೆಯ ಚಿಕ್ಕ ತೂಕದ ಯಂತ್ರ. ಜೊತೆಗೆ ಮನೆಯಲ್ಲಿರುವ ಕಾಳು-ಬೇಳೆ ಡಬ್ಬಗಳು. ಹೊಸದಾಗಿ ಏನನ್ನೂ ಕೊಳ್ಳಬೇಕಿಲ್ಲ.

ಹಂತ 1: ಮೂರು ದಿನ ಸುಮ್ನೆ ಬರೆದಿಡಿ

ಮೊದಲ ಮೂರು ದಿನ ಏನನ್ನೂ ಬದಲಾಯಿಸಬೇಡಿ. ತಿಂದದ್ದು, ಕುಡಿದದ್ದು, ಎಷ್ಟು ಗಂಟೆಗೆ ಅನ್ನುವುದನ್ನು ಮಾತ್ರ ಬರೆಯಿರಿ. ಮೂರರಲ್ಲಿ ಒಂದು ದಿನ ಭಾನುವಾರ ಇರಲಿ. ಕಾಫಿಗೆ ಹಾಕಿದ ಸಕ್ಕರೆ, ಮಕ್ಕಳು ತಟ್ಟೆಯಲ್ಲಿ ಬಿಟ್ಟದ್ದು, ಅಡುಗೆ ಮಾಡುತ್ತಾ ಬಾಯಿಗೆ ಹಾಕಿಕೊಂಡದ್ದು ಎಲ್ಲ ಬರಲಿ. ಹೊಕ್ಕುಳಿನ ಮಟ್ಟದಲ್ಲಿ ಸೊಂಟದ ಸುತ್ತಳತೆಯನ್ನೂ ಬರೆದಿಡಿ.

ಆಮೇಲೆ ಪುಟ ತಿರುವಿ, ಕಾಳು, ಬೇಳೆ, ಮೊಸರು, ಮೊಟ್ಟೆ, ಮೀನು, ಮಾಂಸ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಗೆರೆ ಎಳೆಯಿರಿ. ಹೆಚ್ಚಿನವರ ಪುಟದಲ್ಲಿ ಬೆಳಗಿನ ತಿಂಡಿಯ ಸಾಲಿಗೆ ಗೆರೆಯೇ ಬೀಳುವುದಿಲ್ಲ. ನಾವು ಕೆಲಸ ಶುರು ಮಾಡಬೇಕಾದದ್ದು ಅಲ್ಲಿಂದಲೇ.

ಹಂತ 2: ಪ್ರತಿ ಊಟಕ್ಕೂ ಪ್ರೋಟೀನ್ ಸೇರಿಸಿ

ಇಡೀ ಲೇಖನದಲ್ಲಿ ಒಂದೇ ಹಂತ ಮಾಡುತ್ತೀರಿ ಅಂತಾದರೆ ಇದನ್ನು ಮಾಡಿ.

ಆಹಾರ ಅರಗಿಸಲು ದೇಹಕ್ಕೆ ಖರ್ಚಿದೆ ಎಂದೆನಲ್ಲ, ಅದು ಎಲ್ಲ ಆಹಾರಕ್ಕೂ ಒಂದೇ ಅಲ್ಲ. ಪ್ರೋಟೀನ್‌ನಿಂದ 100 ಕ್ಯಾಲೊರಿ ಬಂದರೆ ಅದರಲ್ಲಿ 20ರಿಂದ 30 ಅರಗಿಸುವುದಕ್ಕೇ ಹೋಗುತ್ತದೆ. ಅನ್ನ, ಮುದ್ದೆ, ಸಕ್ಕರೆಯಂಥ ಶರ್ಕರಪಿಷ್ಟ ಪದಾರ್ಥಗಳಲ್ಲಿ 5ರಿಂದ 10. ಎಣ್ಣೆ, ತುಪ್ಪದಲ್ಲಿ ಹೆಚ್ಚೆಂದರೆ 3. ಅಂದರೆ ಅನ್ನದ 100 ಕ್ಯಾಲೊರಿ ಕಡಿಮೆ ಮಾಡಿ ಅಷ್ಟನ್ನು ಪ್ರೋಟೀನ್‌ನಿಂದ ತಂದರೆ ದಿನಕ್ಕೆ ಸುಮಾರು 15-20 ಕ್ಯಾಲೊರಿ ಹೆಚ್ಚು ಖರ್ಚಾಗುತ್ತದೆ. ಇದೂ ದೊಡ್ಡ ಮೊತ್ತವಲ್ಲ, ಒಪ್ಪುತ್ತೇನೆ. ಆದರೆ ಪ್ರೋಟೀನ್ ಇನ್ನೂ ಎರಡು ಕೆಲಸ ಮಾಡುತ್ತದೆ. ಹೊಟ್ಟೆ ತುಂಬಿದಂತೆ ಬಹಳ ಹೊತ್ತು ಇರುತ್ತದೆ. ತೂಕ ಇಳಿಯುವಾಗ ಮಾಂಸಖಂಡ ಕರಗಿಹೋಗದಂತೆ ಕಾಪಾಡುತ್ತದೆ. ಸುಮ್ಮನಿದ್ದಾಗಲೂ ಕೊಬ್ಬಿಗಿಂತ ಮಾಂಸಖಂಡವೇ ಜಾಸ್ತಿ ಶಕ್ತಿ ಬಳಸುವುದು. ಅದಕ್ಕೇ ಅದನ್ನು ಉಳಿಸಿಕೊಳ್ಳಬೇಕು.

ಎಷ್ಟು ಬೇಕು? ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಹೇಳುವ ಲೆಕ್ಕ, ಆರೋಗ್ಯವಂತ ದೊಡ್ಡವರಿಗೆ ದೇಹದ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ. 60 ಕಿಲೋ ಇರುವವರಿಗೆ ಸುಮಾರು 50 ಗ್ರಾಂ.

ನಮ್ಮ ಡಬ್ಬಗಳಲ್ಲಿ ಏನಿದೆ ನೋಡಿ. ಹುರುಳಿ, ತೊಗರಿಬೇಳೆ, ಹೆಸರುಕಾಳು ಇವು 100 ಗ್ರಾಂ ಒಣಗಿದ್ದರಲ್ಲಿ 22 ಗ್ರಾಂ ಆಸುಪಾಸು ಪ್ರೋಟೀನ್ ಕೊಡುತ್ತವೆ. ಕಡಲೆಕಾಯಿ ಬೀಜ ಸುಮಾರು 24. ಜೋಳ 10, ಅಕ್ಕಿ 8, ರಾಗಿ 7. ಒಂದು ಮೊಟ್ಟೆಯಲ್ಲಿ 6 ಗ್ರಾಂ. 100 ಗ್ರಾಂ ಮೊಸರಿನಲ್ಲಿ ಸುಮಾರು 3. ರಾಗಿಯ ದೊಡ್ಡ ಬಲ ಇರುವುದು ಕ್ಯಾಲ್ಸಿಯಂನಲ್ಲಿ, ಪ್ರೋಟೀನ್‌ನಲ್ಲಲ್ಲ. ಮುದ್ದೆ ತಿಂದರೆ ಪ್ರೋಟೀನ್ ಸಿಕ್ಕಿತು ಅಂದುಕೊಳ್ಳಬೇಡಿ, ಜೊತೆಗೆ ಕಾಳು ಬೇಕೇ ಬೇಕು.

ಮೊಟ್ಟೆ, ಮಾಂಸ ಇಲ್ಲದೆ 50 ಗ್ರಾಂ ಆಗುತ್ತಾ? ಆಗುತ್ತದೆ. ಒಂದು ದಿನದ ಲೆಕ್ಕ ಹೀಗೆ:

ಬೆಳಿಗ್ಗೆ 40 ಗ್ರಾಂ ಹೆಸರುಕಾಳು ನೆನೆಸಿ ರುಬ್ಬಿದ ದೋಸೆ, ಜೊತೆಗೆ ಅರ್ಧ ಬಟ್ಟಲು ಮೊಸರು: 12 ಗ್ರಾಂ.
ಮಧ್ಯಾಹ್ನ ಒಂದು ಮುದ್ದೆ, 40 ಗ್ರಾಂ ಹುರುಳಿಕಾಳಿನ ಪಲ್ಯ, ಒಂದು ಲೋಟ ಮಜ್ಜಿಗೆ: ಸುಮಾರು 17 ಗ್ರಾಂ.
ಸಂಜೆ ಒಂದು ಹಿಡಿ ಹುರಿಗಡಲೆ: 6 ಗ್ರಾಂ.
ರಾತ್ರಿ ಎರಡು ಜೋಳದ ರೊಟ್ಟಿ, 30 ಗ್ರಾಂ ಬೇಳೆಯ ಗಟ್ಟಿ ತೊವ್ವೆ, ಸ್ವಲ್ಪ ಮೊಸರು: 17 ಗ್ರಾಂ.

ಒಟ್ಟು 52. ಧಾನ್ಯದ ಪ್ರೋಟೀನ್‌ನಲ್ಲಿ ಕಡಿಮೆ ಇರುವುದು ಕಾಳಿನಲ್ಲಿ ಇದೆ, ಕಾಳಿನಲ್ಲಿ ಕಡಿಮೆ ಇರುವುದು ಧಾನ್ಯದಲ್ಲಿದೆ. ಎರಡನ್ನೂ ದಿನದಲ್ಲಿ ತಿಂದರೆ ಸರಿಹೋಗುತ್ತದೆ.

ಇಲ್ಲಿ ಎಡವುವುದು ಎಲ್ಲಿ ಗೊತ್ತಾ? ಬಸ್ಸಾರಿನಲ್ಲಿ. ಕಾಳು-ಸೊಪ್ಪು ಬೇಯಿಸಿ, ಕಟ್ಟು ಬಸಿದು, ಆ ಕಟ್ಟಿನಲ್ಲಿ ಸಾರು ಮಾಡುತ್ತೇವೆ. ಕಾಳು ಪಲ್ಯಕ್ಕೆ ಹೋಗುತ್ತದೆ. ಊಟಕ್ಕೆ ಕೂತಾಗ ಮುದ್ದೆಗೆ ಎರಡು ಸೌಟು ಸಾರು, ಪಕ್ಕದಲ್ಲಿ ಒಂದೇ ಚಮಚ ಪಲ್ಯ. ಪ್ರೋಟೀನ್ ಹೆಚ್ಚಿನ ಪಾಲು ಪಲ್ಯದಲ್ಲೇ ಉಳಿಯಿತು. ತಟ್ಟೆಗೆ ಒಂದು ಬಟ್ಟಲು ತುಂಬ ಪಲ್ಯ ಬರಲಿ. ಎಲ್ಲರಿಗೂ ಬಡಿಸಿ ಕೊನೆಗೆ ಕೂರುವ ಅಮ್ಮಂದಿರಿಗೆ ಸಾರು ಮಾತ್ರ ಉಳಿದಿರುತ್ತದೆ. ದಯವಿಟ್ಟು ನಿಮ್ಮ ಪಾಲಿನ ಪಲ್ಯವನ್ನು ಮೊದಲೇ ಎತ್ತಿಡಿ. ತಿಳಿಸಾರು, ರಸಂಗೂ ಇದೇ ಮಾತು. ಬಾಯಿಗೆ ಹಿತ, ಆದರೆ ಅದನ್ನು ಬೇಳೆಯ ಲೆಕ್ಕಕ್ಕೆ ಹಿಡಿಯಬೇಡಿ.

ಉತ್ತರ ಕರ್ನಾಟಕದ ಮನೆಗಳಲ್ಲಿ ಈ ಕೆಲಸ ಸುಲಭ. ಮಡಕಿ ಕಾಳು, ಹೆಸರುಕಾಳು ಪಲ್ಯ, ಝುಣಕ, ಶೇಂಗಾ ಹಿಂಡಿ ರೊಟ್ಟಿಯ ಜೊತೆ ಇದ್ದೇ ಇರುತ್ತವೆ. ಕರಾವಳಿಯವರಿಗೆ ಬಂಗುಡೆ, ಬೂತಾಯಿ ಇದೆ. ಮೀನನ್ನು ಎಣ್ಣೆಯಲ್ಲಿ ಮುಳುಗಿಸುವ ಬದಲು ಸಾರು ಮಾಡಿ. ಚಿತ್ರಾನ್ನ, ಉಪ್ಪಿಟ್ಟು, ಅವಲಕ್ಕಿ ತಿಂಡಿಯ ದಿನ ಪಕ್ಕದಲ್ಲಿ ಒಂದು ಬಟ್ಟಲು ಉಸಲಿಯೋ ಎರಡು ಬೇಯಿಸಿದ ಮೊಟ್ಟೆಯೋ ಇರಲಿ, ಅನ್ನ-ರವೆ ಅಷ್ಟು ಕಡಿಮೆಯಾಗಲಿ.

ಕಾಳು ತಿಂದರೆ ಹೊಟ್ಟೆ ಉಬ್ಬುತ್ತದೆ ಎನ್ನುವವರು ಒಮ್ಮೆಲೇ ಜಾಸ್ತಿ ಮಾಡಬೇಡಿ. ಮೊದಲ ವಾರ ಎರಡು ಚಮಚದಿಂದ ಶುರು ಮಾಡಿ. ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸಿ. ಇಂಗು, ಶುಂಠಿ ಹಾಕಿ. ಹುರುಳಿ ಉಷ್ಣ, ಮೈಗೆ ಒಗ್ಗಲ್ಲ ಅನ್ನುವವರು ಹೆಸರುಕಾಳು ಹಿಡಿಯಿರಿ, ನಷ್ಟವೇನಿಲ್ಲ. ಮೊಳಕೆ ಕಟ್ಟಿದ ಕಾಳು ಒಳ್ಳೆಯದು, ಆದರೆ ಗರ್ಭಿಣಿಯರು, ವಯಸ್ಸಾದವರು, ಚಿಕ್ಕ ಮಕ್ಕಳು ಹಸಿಯಾಗಿ ತಿನ್ನುವುದು ಬೇಡ. ಮೊಳಕೆ ಬರುವ ಬೆಚ್ಚನೆ ತೇವದಲ್ಲಿ ಬ್ಯಾಕ್ಟೀರಿಯಾಗಳೂ ಬೆಳೆಯುತ್ತವೆ. ಬೇಯಿಸಿಯೇ ತಿನ್ನಿ.

ಎಚ್ಚರಿಕೆ: ಕಿಡ್ನಿ ತೊಂದರೆ ಇರುವವರು ತಮ್ಮ ಡಾಕ್ಟರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬೇಡಿ.

ಹಂತ 3: ಕಾಫಿ-ಟೀ ಕುಡಿಯಿರಿ, ಸಕ್ಕರೆ ಮತ್ತು ಹೊತ್ತು ಸರಿಮಾಡಿಕೊಳ್ಳಿ

ಕಾಫಿ ಮೆಟಬಾಲಿಸಂ ಹೆಚ್ಚಿಸುತ್ತದೆ ಅನ್ನುವುದು ಸುಳ್ಳಲ್ಲ. ಕಾಫಿ-ಟೀಯಲ್ಲಿರುವ ಕೆಫೀನ್ ಎಂಬ ಅಂಶ ನರಗಳನ್ನು ಚುರುಕು ಮಾಡುತ್ತದೆ. 100 ಮಿಲಿಗ್ರಾಂ ಕೆಫೀನ್ ಸೇವಿಸಿದರೆ ಸುಮಾರು ಎರಡೂವರೆ ಗಂಟೆ ಕಾಲ ದೇಹದ ಖರ್ಚು ಶೇ 3-4 ಏರುತ್ತದೆ. ಕೇಳಲು ಚೆನ್ನಾಗಿದೆ. ಈಗ ಲೆಕ್ಕ ಹಾಕೋಣ. ಸುಮ್ನೆ ಕೂತಿದ್ದಾಗ ನಮ್ಮ ಖರ್ಚು ನಿಮಿಷಕ್ಕೆ ಹೆಚ್ಚುಕಮ್ಮಿ ಒಂದು ಕ್ಯಾಲೊರಿ. 150 ನಿಮಿಷಕ್ಕೆ 150. ಅದರ ಶೇ 3-4 ಅಂದರೆ 5 ಕ್ಯಾಲೊರಿ. ಕಾಫಿಗೆ ಹಾಕುವ ಒಂದು ಟೀ ಚಮಚ ಸಕ್ಕರೆಯಲ್ಲಿ 20 ಕ್ಯಾಲೊರಿ ಇದೆ! ಎರಡು ಚಮಚ ಹಾಕಿದರೆ 40. ಹಾಗಾಗಿ ಕಾಫಿಯಿಂದ ಲಾಭ ಬೇಕೆಂದರೆ ಸಕ್ಕರೆ ಬಿಡಬೇಕು. ಒಂದೇ ದಿನ ಬಿಡಲಾಗದಿದ್ದರೆ ವಾರಕ್ಕೆ ಅರ್ಧ ಚಮಚ ಇಳಿಸಿ, ನಾಲಿಗೆ ಹೊಂದಿಕೊಳ್ಳುತ್ತದೆ. ಬೆಲ್ಲ ಹಾಕಿದರೂ ಕ್ಯಾಲೊರಿ ಅಷ್ಟೇ.

ಮಿತಿ ಎಷ್ಟು? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿ ದಿನಕ್ಕೆ 300 ಮಿಲಿಗ್ರಾಂ ಕೆಫೀನ್ ಮೀರಬಾರದು ಎನ್ನುತ್ತದೆ. 150 ಮಿಲಿಲೀಟರ್ ಡಿಕಾಕ್ಷನ್ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ, ಟೀಯಲ್ಲಿ 30ರಿಂದ 65 ಇರುತ್ತದೆ. ಚಿಕೋರಿಯಲ್ಲಿ ಕೆಫೀನ್ ಇಲ್ಲ, ಹಾಗಾಗಿ ಚಿಕೋರಿ ಬೆರೆಸಿದ ಪುಡಿಯಲ್ಲಿ ಸ್ವಲ್ಪ ಕಡಿಮೆ. ಗರ್ಭಿಣಿಯರಿಗೆ ಮಿತಿ 200.

ಹೊತ್ತಿನ ವಿಷಯದಲ್ಲಿ ಎರಡು ಮಾತು. ಕಾಫಿ-ಟೀಯಲ್ಲಿರುವ ಟ್ಯಾನಿನ್, ಅಂದರೆ ಒಗರು ಅಂಶ, ಊಟದಲ್ಲಿರುವ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಊಟ-ತಿಂಡಿಗೆ ಮುಂಚೆ ಒಂದು ಗಂಟೆ, ಆಮೇಲೆ ಒಂದು ಗಂಟೆ ಬಿಟ್ಟು ಕುಡಿಯಿರಿ. ದೋಸೆ ಜೊತೆಗೇ ಕಾಫಿ ಬೇಕು ಎನ್ನುವ ನಮಗೆ ಇದು ಕಷ್ಟವೇ, ಆದರೂ ರಕ್ತಹೀನತೆ ಇರುವವರು ಬಿಡಲೇಬೇಕು. ಇನ್ನೊಂದು, ಕುಡಿದ ಕೆಫೀನ್‌ನಲ್ಲಿ ಅರ್ಧದಷ್ಟು ಐದು ಗಂಟೆಯಾದರೂ ಮೈಯಲ್ಲೇ ಇರುತ್ತದೆ. ಸಂಜೆ ಆರರ ಕಾಫಿ ರಾತ್ರಿ ನಿದ್ದೆ ಕೆಡಿಸಬಹುದು. ನಿದ್ದೆ ಕೆಟ್ಟರೆ ಮಾರನೇ ದಿನ ಹಸಿವು ಜಾಸ್ತಿ.

ಗ್ರೀನ್ ಟೀ ಕುಡಿಯುವುದಾದರೆ ಕುಡಿಯಿರಿ, ಅದರ ಪರಿಣಾಮವೂ ಕಾಫಿಯಷ್ಟೇ ಚಿಕ್ಕದು. ಆದರೆ ಗ್ರೀನ್ ಟೀ ಸಾರ ತುಂಬಿದ ಮಾತ್ರೆಗಳ ತಂಟೆಗೆ ಹೋಗಬೇಡಿ. ಅದರಲ್ಲಿರುವ ಕ್ಯಾಟೆಚಿನ್ ಎಂಬ ಅಂಶ ಮಾತ್ರೆ ರೂಪದಲ್ಲಿ ದಿನಕ್ಕೆ 800 ಮಿಲಿಗ್ರಾಂ ಮುಟ್ಟಿದರೆ ಲಿವರ್‌ಗೆ ತೊಂದರೆಯಾಗಬಹುದು ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲೇ ಎಚ್ಚರಿಸಿದೆ.

ಹಂತ 4: ನೀರು, ಮಜ್ಜಿಗೆ ಮತ್ತು ಬೆಳಗಿನ ಲೋಟ

ತಣ್ಣೀರು ಕುಡಿದರೆ ಅದನ್ನು ಬಿಸಿ ಮಾಡಲು ದೇಹ ಕೊಬ್ಬು ಸುಡುತ್ತದೆ ಎಂದು ಕೇಳಿರುತ್ತೀರಿ. ಫ್ರಿಜ್‌ನಿಂದ ತೆಗೆದ ಅರ್ಧ ಲೀಟರ್ ನೀರು ಮೈಬಿಸಿಗೆ ಬರಲು ಬೇಕಾಗುವುದು 16 ಕ್ಯಾಲೊರಿ. ಒಂದು ಚಮಚ ಸಕ್ಕರೆಯಷ್ಟೂ ಇಲ್ಲ. ನೀರಿನ ನಿಜವಾದ ಲಾಭ ಬೇರೆ. ಜ್ಯೂಸ್, ಕೂಲ್‌ಡ್ರಿಂಕ್, ಬಾದಾಮಿ ಹಾಲಿನ ಜಾಗದಲ್ಲಿ ನೀರು ಕುಡಿದರೆ ಅವುಗಳ ಸಕ್ಕರೆಯೆಲ್ಲ ತಪ್ಪುತ್ತದೆ.

ಜೇನು-ನಿಂಬೆ ನೀರು? ನಿಂಬೆ ಇರಲಿ, ಜೇನೂ ಸಕ್ಕರೆಯೇ. ಊಟದ ದೊಡ್ಡ ಚಮಚದಲ್ಲಿ ಹಾಕಿದರೆ 60 ಕ್ಯಾಲೊರಿ ದಾಟುತ್ತದೆ. ಜೀರಿಗೆ ನೀರು, ಮೆಂತ್ಯ ನೀರು ಹಿತವೆನಿಸಿದರೆ ಕುಡಿಯಿರಿ, ಅವು ಕೊಬ್ಬು ಕರಗಿಸುತ್ತವೆ ಎಂದು ನಂಬಿ ತಿಂಡಿ ಬಿಡಬೇಡಿ. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು ಮೆಂತ್ಯವನ್ನು ಜಾಸ್ತಿ ಪ್ರಮಾಣದಲ್ಲಿ ಶುರು ಮಾಡುವ ಮುಂಚೆ ಡಾಕ್ಟರಿಗೆ ಹೇಳಿ, ಶುಗರ್ ತೀರಾ ಇಳಿದುಹೋಗಬಹುದು.

ಆ್ಯಪಲ್ ಸೈಡರ್ ವಿನೆಗರ್ ಬಗ್ಗೆ: ಇದರಿಂದ ತೂಕ ಇಳಿಯಿತು ಎಂದು 2024ರಲ್ಲಿ ಬಹಳ ಸುದ್ದಿಯಾದ ಒಂದು ಅಧ್ಯಯನವನ್ನು ಪ್ರಕಾಶಕರೇ 2025ರಲ್ಲಿ ಹಿಂದಕ್ಕೆ ಪಡೆದರು. ಅದರ ಅಂಕಿಅಂಶಗಳು ನಂಬುವಂತಿರಲಿಲ್ಲ. ದಿನಾ ಹುಳಿ ಕುಡಿದರೆ ಹಲ್ಲಿನ ಮೇಲ್ಪದರ ಸವೆಯುವುದು ಮಾತ್ರ ನಿಜ. ಆ ದುಡ್ಡಿಗೆ ಕಡಲೆಕಾಯಿ ಬೀಜ ತನ್ನಿ.

ನನ್ನ ಆಯ್ಕೆ ಮಜ್ಜಿಗೆ. ತೀರಾ ನೀರಾಗಿರಬಾರದು. ಶುಂಠಿ, ಕರಿಬೇವು, ಕೊತ್ತಂಬರಿ ಸೊಪ್ಪು, ಚಿಟಿಕೆ ಉಪ್ಪು. ಬೇಸಿಗೆಯಲ್ಲಿ ರಾಗಿ ಅಂಬಲಿಗೆ ಬೆರೆಸಿ ಕುಡಿದರೆ ಹನ್ನೊಂದು ಗಂಟೆಯ ಬಿಸ್ಕತ್ತು ತಾನಾಗೇ ಬೇಡವಾಗುತ್ತದೆ.

ಹಂತ 5: ಖಾರ ಮತ್ತು ಮಸಾಲೆ

ಇದನ್ನು ಬೇಗ ಮುಗಿಸುತ್ತೇನೆ. ಮೆಣಸಿನಕಾಯಿಯ ಖಾರಕ್ಕೆ ಕಾರಣ ಕ್ಯಾಪ್ಸೈಸಿನ್ ಎಂಬ ಅಂಶ. ಅದು ದೇಹದ ಖರ್ಚನ್ನು ಸ್ವಲ್ಪ ಏರಿಸುವುದು ನಿಜ. ದಿನಕ್ಕೆ ಹತ್ತಾರು ಕ್ಯಾಲೊರಿ ಅಷ್ಟೇ, ಅದೂ ಖಾರ ಒಗ್ಗಿದವರಲ್ಲಿ ಇನ್ನೂ ಕಡಿಮೆ. ಬ್ಯಾಡಗಿ ಮೆಣಸಿನಕಾಯಿಯಲ್ಲಿ ಬಣ್ಣ ಜಾಸ್ತಿ, ಈ ಅಂಶ ಕಡಿಮೆ. ಕಾಳುಮೆಣಸು, ಶುಂಠಿ, ಬೆಳ್ಳುಳ್ಳಿ ಅಡುಗೆಯಲ್ಲಿ ಎಂದಿನಂತಿರಲಿ. ಕಾಳಿನ ಪಲ್ಯವನ್ನು ರುಚಿಯಾಗಿಸಿ ಒಂದು ಬಟ್ಟಲು ಪೂರ್ತಿ ತಿನ್ನುವಂತೆ ಮಾಡಿದರೆ ಅದೇ ಅವುಗಳ ದೊಡ್ಡ ಉಪಕಾರ. ಖಾರ ಒಳ್ಳೆಯದು ಅಂತ ಗಿರ್ಮಿಟ್ ಜೊತೆ ನಾಲ್ಕು ಮಿರ್ಚಿ ತಿಂದರೆ ಅವು ಹೀರಿದ ಎಣ್ಣೆಯ ಲೆಕ್ಕವೇ ಬೇರೆ. ಅಸಿಡಿಟಿ, ಅಲ್ಸರ್ ಇರುವವರು ಖಾರ ಹೆಚ್ಚಿಸಲೇಬೇಡಿ.

ಹಂತ 6: ಕಬ್ಬಿಣ, ಅಯೋಡಿನ್ ಮತ್ತು ಥೈರಾಯ್ಡ್ ಮಾತ್ರೆ

ನನಗೆ ಬರುವ ಪತ್ರಗಳಲ್ಲಿ "ಮೆಟಬಾಲಿಸಂ ಸ್ಲೋ" ಎಂದು ಬರೆದವರು ಹೇಳುವ ಲಕ್ಷಣ ಏನು? ಸದಾ ಸುಸ್ತು, ಚಳಿ ತಡೆಯಲಾಗದು, ಕೂದಲು ಉದುರುವುದು, ಮೆಟ್ಟಿಲು ಹತ್ತಿದರೆ ಏದುಸಿರು. ಇವುಗಳ ಹಿಂದೆ ರಕ್ತಹೀನತೆಯೋ ಥೈರಾಯ್ಡ್ ಕೊರತೆಯೋ ಇರಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿದರೆ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನಕ್ಕೆ ರಕ್ತಹೀನತೆ ಇದೆ. ಆ ಸುಸ್ತನ್ನು ಯಾವ ಕಷಾಯವೂ ಓಡಿಸದು.

ಕಬ್ಬಿಣಕ್ಕೆ ಕಾಳು, ಸೊಪ್ಪು, ಮಾಂಸ. ಸಸ್ಯಾಹಾರದ ಕಬ್ಬಿಣ ಮೈಗೆ ಹತ್ತಲು ವಿಟಮಿನ್ ಸಿ ಬೇಕು. ಕೋಸಂಬರಿಗೆ, ಪಲ್ಯಕ್ಕೆ ಒಲೆಯಿಂದ ಇಳಿಸಿದ ಮೇಲೆ ನಿಂಬೆಹಣ್ಣು ಹಿಂಡಿ. ನೆಲ್ಲಿಕಾಯಿ, ಸೀಬೆಹಣ್ಣು ಕೂಡ ಆಗುತ್ತದೆ. ಆದರೆ ಹಿಮೋಗ್ಲೋಬಿನ್ ಈಗಾಗಲೇ ಇಳಿದಿದ್ದರೆ ಊಟವೊಂದೇ ಸಾಲದು, ಡಾಕ್ಟರ್ ಕೊಟ್ಟ ಮಾತ್ರೆ ಬೇಕು.

ಅಯೋಡಿನ್ ಇಲ್ಲದೆ ಥೈರಾಯ್ಡ್ ಗ್ರಂಥಿ ಕೆಲಸ ಮಾಡದು. ದೇಹದ ಖರ್ಚಿನ ವೇಗ ನಿರ್ಧರಿಸುವುದೇ ಆ ಗ್ರಂಥಿಯ ಹಾರ್ಮೋನು. ಈಗ ಅನೇಕರು ಆರೋಗ್ಯಕ್ಕೆ ಒಳ್ಳೆಯದೆಂದು ಸೈಂಧವ ಉಪ್ಪು, ಕಲ್ಲುಪ್ಪಿಗೆ ಬದಲಾಗಿದ್ದಾರೆ. ಅವುಗಳಲ್ಲಿ ಹೆಚ್ಚಿನವಕ್ಕೆ ಅಯೋಡಿನ್ ಸೇರಿಸಿರುವುದಿಲ್ಲ. ಪ್ಯಾಕೆಟ್ ಮೇಲೆ 'ಅಯೋಡೀಕರಿಸಿದ' ಎಂದಿದೆಯಾ ನೋಡಿ ತನ್ನಿ. ಹಾಗಂತ ಉಪ್ಪು ಜಾಸ್ತಿ ಬೇಡ, ದಿನಕ್ಕೆ ಎಲ್ಲ ಸೇರಿ 5 ಗ್ರಾಂ ಸಾಕು.

ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಇದನ್ನು ಎರಡು ಸಲ ಓದಿ. ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ, ಬರೀ ನೀರಿನಲ್ಲಿ ನುಂಗಬೇಕು. ಆಮೇಲೆ ಅರ್ಧದಿಂದ ಒಂದು ಗಂಟೆ ಕಾಫಿಯೂ ಬೇಡ, ತಿಂಡಿಯೂ ಬೇಡ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೆ ನಾಲ್ಕು ಗಂಟೆ ಅಂತರ ಇರಲಿ. ನಮ್ಮ ಚಿಕ್ಕಮ್ಮ ಬಹಳ ಕಾಲ ಮಾತ್ರೆಯನ್ನು ಬೆಳಗಿನ ಕಾಫಿಯ ಜೊತೆಗೇ ನುಂಗುತ್ತಿದ್ದರು. ಕಾಫಿ ಮಾತ್ರೆಯ ಒಂದಷ್ಟು ಅಂಶವನ್ನು ಹೀರಲು ಬಿಡದು ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಹಂತ 7: ಊಟ ಬಿಡದೆ ನಾಲ್ಕು ವಾರ, ಆಮೇಲೆ ಪರೀಕ್ಷೆ

ಬೇಗ ಇಳಿಯಲಿ ಎಂದು ಒಂದು ಹೊತ್ತಿನ ಊಟಕ್ಕೆ ಇಳಿಯಬೇಡಿ. ತೀರಾ ಕಡಿಮೆ ತಿಂದರೆ ದೇಹ ತನ್ನ ಖರ್ಚನ್ನು ತಾನೇ ಕಡಿತ ಮಾಡಿಕೊಳ್ಳುತ್ತದೆ, ಮಾಂಸಖಂಡವೂ ಕರಗುತ್ತದೆ. ಮೆಟಬಾಲಿಸಂ ನಿಜವಾಗಿ ಕುಗ್ಗುವುದು ಹೀಗೆ. ತಿಂದ ಪ್ರೋಟೀನ್ ಮಾಂಸಖಂಡವಾಗಬೇಕಾದರೆ ಅದಕ್ಕೆ ಕೆಲಸವೂ ಬೇಕು. ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಅಷ್ಟರಿಂದ ಶುರು ಮಾಡಿ.

ನಾಲ್ಕು ವಾರ ಆದಮೇಲೆ ಮತ್ತೆ ಮೂರು ದಿನ ಬರೆಯಿರಿ, ಸೊಂಟದ ಸುತ್ತಳತೆ ನೋಡಿ. ಹಳೆಯ ಪುಟದ ಪಕ್ಕ ಇಟ್ಟು ಹೋಲಿಸಿ. ತೂಕ ಅಷ್ಟೇ ಇದ್ದು ಸೊಂಟ ಸಣ್ಣಗಾಗಿದ್ದರೆ ಸರಿಯಾದ ದಾರಿಯಲ್ಲೇ ಇದ್ದೀರಿ.

ಏನೂ ಬದಲಾಗದೆ ಸುಸ್ತು ಹಾಗೇ ಇದ್ದರೆ ಡಾಕ್ಟರ ಹತ್ತಿರ ಹೋಗಿ. ಹಿಮೋಗ್ಲೋಬಿನ್, ಶುಗರ್, ಬಿ12 ಮತ್ತು ಟಿಎಸ್‌ಎಚ್ ಬಗ್ಗೆ ಕೇಳಿ. ಟಿಎಸ್‌ಎಚ್ ಅಂದರೆ ಥೈರಾಯ್ಡ್ ಸರಿಯಾಗಿ ಕೆಲಸ ಮಾಡುತ್ತಿದೆಯಾ ಎಂದು ತಿಳಿಸುವ ರಕ್ತಪರೀಕ್ಷೆ. ಬಿ12 ಮೊಟ್ಟೆ, ಮಾಂಸ ತಿನ್ನದವರಲ್ಲಿ ಸುಲಭವಾಗಿ ಕಡಿಮೆಯಾಗುವ ವಿಟಮಿನ್. ಕೂದಲು ಉದುರುತ್ತದೆಂದು ಬಯೋಟಿನ್ ಮಾತ್ರೆ ತಿನ್ನುತ್ತಿದ್ದರೆ ರಕ್ತ ಕೊಡುವ ಮುಂಚೆಯೇ ಡಾಕ್ಟರಿಗೂ ಲ್ಯಾಬ್‌ನವರಿಗೂ ಹೇಳಿ. ಅದರಿಂದ ಥೈರಾಯ್ಡ್ ವರದಿ ತಪ್ಪಾಗಿ ಬರಬಹುದು. ಕನಿಷ್ಠ ಎರಡು ದಿನ ಅದನ್ನು ನಿಲ್ಲಿಸಿ ರಕ್ತ ಕೊಡುವಂತೆ ಸಾಮಾನ್ಯವಾಗಿ ಸೂಚಿಸುತ್ತಾರೆ.